ಊರ ಕಾಡು, ಊರ ದಂಡ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆ ಮನೆಗೆ ಮಾತ್ರವಲ್ಲ, ಊರಿಗೂ ಸಲ್ಲುತ್ತದೆ. ಹತ್ತು ಮನೆಯವರು ಕಾದು ಬೆಳೆಸಿದ ಕಾಡಿನಿಂದ ಹನ್ನೊಂದನೆಯವನು ಕಾಯದೆಯೇ ಸೌದೆ ಹೊತ್ತೊಯ್ದನೆನ್ನಿ. ಹತ್ತು ಮಂದಿಯ ಮನಸ್ಸು ಕೆಡುತ್ತದೆ. ನಾವೇಕೆ ಕಾಯಬೇಕೆಂಬ ಪ್ರಶ್ನೆ ಹುಟ್ಟಿದ ದಿನವೇ ಕಾಡಿನ ಆಯುಷ್ಯ ಕುಂದತೊಡಗುತ್ತದೆ. ಇಂಥವನನ್ನು ಯಾರು ದಂಡಿಸಬೇಕು? ಭಟ್ಕಳ, ಹೊನ್ನಾವರ, ಕುಮಟೆಗಳ ಸೀಮೆಯ ಚರಿತ್ರೆಯಲ್ಲಿ ಇದಕ್ಕೆ ಮೂರು ಉತ್ತರಗಳು ದೊರೆಯುತ್ತವೆ.

ಮೊದಲನೆಯದು ದೈವದ ದಂಡ. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಾಡು ಗ್ರಾಮದೇವತೆಯ ಸ್ವತ್ತೆಂದು ಜನ ತಿಳಿದಿದ್ದುದನ್ನು ದಾಖಲಿಸಿದ್ದಾನೆ. ಪೂಜಾರಿಯೂ ಆಗಿದ್ದ ಗೌಡನ ಅಪ್ಪಣೆ ಪಡೆಯದೆ ಮರ ಕಡಿದವನಿಗೆ ದೈವದ ಮುನಿಸು ತಪ್ಪದು. ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಿರಲೆಂದು ಹೂಡಿದ ಉಪಾಯವಿದೆಂದು ಬುಕಾನನ್ ಶಂಕಿಸಿದ. ಉಪಾಯವೇ ಇರಲಿ, ಆ ಭಯ ಕಾಡಿಗೆ ಬೇಲಿಯಾಗಿತ್ತು. ಹೊನ್ನಾವರದ ಸಮೀಪದ ಕರಿಕಾನಮ್ಮನ ಬೆಟ್ಟದ ಹಳೆಯ ಹೆಮ್ಮರಗಳು ಅದಕ್ಕೆ ಸಾಕ್ಷಿ.

ಎರಡನೆಯದು ಸರ್ಕಾರದ ದಂಡ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯಿದೆ ಕಾಡನ್ನು ಊರಿನ ಕೈಯಿಂದ ಬಿಡಿಸಿತು. ಪರರ ಸ್ವತ್ತಾದುದನ್ನು ಕಾಯುವ ಉತ್ಸಾಹ ಯಾರಿಗಿದ್ದೀತು?

ಮೂರನೆಯ ಉತ್ತರ ಕುಮಟಾ ತಾಲೂಕಿನ ಹಳಕಾರ, ಕಲ್ಲಬ್ಬೆ, ಚಿತ್ರಗಿ ಗ್ರಾಮಗಳದು. ಇಲ್ಲಿ ಊರವರೇ ವಂತಿಗೆ ಕೂಡಿಸಿ ಕಾವಲುಗಾರನನ್ನಿಟ್ಟರು. ಕಟ್ಟಳೆ ಮೀರಿದವನಿಗೆ ದಂಡ ಹಾಕಿದರು. 1920ರ ದಶಕದಿಂದೀಚೆಗೆ ಇವು ಗ್ರಾಮ ಅರಣ್ಯ ಪಂಚಾಯತಿಗಳೆಂದು ಸರ್ಕಾರದ ಮನ್ನಣೆಯನ್ನೂ ಪಡೆದವು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಅವುಗಳನ್ನು ವಿಸರ್ಜಿಸುವ ಆಜ್ಞೆ ಬಂದಿತು. ಹಳಕಾರ, ಕಲ್ಲಬ್ಬೆಗಳು ನ್ಯಾಯಾಲಯದ ಮೆಟ್ಟಿಲೇರಿ ತಮ್ಮ ಕಾಡನ್ನು ಉಳಿಸಿಕೊಂಡವು. ಚಿತ್ರಗಿಯ ಪಂಚಾಯತಿ ಅಳಿಯಿತು. ಅದರ ಬೆನ್ನಿಗೇ ಕಾಡೂ ಅಳಿಯಿತು. ಒಂದೇ ಮಣ್ಣು, ಒಂದೇ ಮಳೆ, ಒಂದೇ ಬಗೆಯ ಜನ. ವ್ಯತ್ಯಾಸವಿದ್ದುದು ದಂಡಿಸುವ ಅಧಿಕಾರದಲ್ಲಿ.

ಪರದೇಶದ ಪಂಡಿತರು ಇದನ್ನೇ ಬೇರೆ ದಾರಿಯಿಂದ ಕಂಡುಕೊಂಡರು. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅರ್ನ್‌ಸ್ಟ್ ಫೆರ್ ಮತ್ತು ಸೈಮನ್ ಗೆಕ್ಟರ್ 2002ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪಾಲು ಕೊಡದವನನ್ನು ದಂಡಿಸಲು ಅವಕಾಶವಿದ್ದಾಗ, ಜನ ಕೈಯಿಂದ ಹಣ ಕಳೆದುಕೊಂಡಾದರೂ ದಂಡಿಸಿದರು, ಸಹಕಾರ ಹೆಚ್ಚಿತು. ಅವಕಾಶ ತೆಗೆದಾಗ ಅದು ಕುಸಿಯಿತು. ಆದರೆ 2008ರಲ್ಲಿ ಗೆಕ್ಟರ್ ಮತ್ತು ಸಂಗಡಿಗರು ಹಲವು ದೇಶಗಳ ನಗರಗಳಲ್ಲಿ ನಡೆಸಿದ ಪ್ರಯೋಗ ಇನ್ನೊಂದು ಮುಖವನ್ನು ತೋರಿತು. ಕೆಲವೆಡೆ ಜನ, ಹೆಚ್ಚು ಪಾಲು ಕೊಟ್ಟವರನ್ನೇ ದಂಡಿಸಿದ್ದರು!

ಬಹಿಷ್ಕಾರದ ಹೆಸರಿನಲ್ಲಿ ಬಡವನನ್ನೂ ಭಿನ್ನಮತದವನನ್ನೂ ತುಳಿದ ಊರುಗಳನ್ನು ಬಲ್ಲ ನಮಗೆ ಇದು ಹೊಸತಲ್ಲ. ಆದ್ದರಿಂದ ಊರಿನ ದಂಡವೆಲ್ಲ ನ್ಯಾಯವೆನ್ನಲಾಗದು. ಸಾಮುದಾಯಿಕ ಸಂಪತ್ತಿನ ಅಧ್ಯಯನಕ್ಕಾಗಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಬಾಳುವ ಸಂಘಗಳಲ್ಲಿ ಮೊದಲ ತಪ್ಪಿಗೆ ಹಗುರ ದಂಡವಿದ್ದು ಅದು ಕ್ರಮೇಣ ಏರುವುದನ್ನು ಗುರುತಿಸಿದರು. ಕಟ್ಟಳೆಗೆ ಒಳಪಟ್ಟವರಿಗೇ ಅದನ್ನು ತಿದ್ದುವ ಹಕ್ಕಿರುವುದನ್ನೂ ಕಂಡರು. ದಂಡ ತೆತ್ತವನು ಮರುದಿನ ಅದೇ ಕಾಡಿನ ಪಾಲುದಾರನಾಗಿ ಸಭೆಯಲ್ಲಿ ಕೂರುವಂತಿರಬೇಕು. ಅಂಥ ಸಭೆಯಿರುವವರೆಗೆ ಕಾಡಿಗೆ ಕಾವಲಿರುತ್ತದೆ.