ಕೇಳದ ಕಿವಿಯೊಳಗಿನ ಸದ್ದು

ನಮ್ಮ ಶಾಲೆಯ ಹಿರಿಯ ಮಾಷ್ಟ್ರೊಬ್ಬರಿಗೆ ಆರು ವರ್ಷಗಳ ಹಿಂದೆ ಒಂದು ಬೆಳಗ್ಗೆ ಏಳುವಾಗ ಎಡಗಿವಿ ಕೇಳಿಸುತ್ತಿರಲಿಲ್ಲ. ಈಗಲೂ ಕೇಳಿಸುವುದಿಲ್ಲ. ಆದರೆ ಅದೇ ಕಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗಿದಂತೆ ಸದ್ದು. ವೈದ್ಯರ ಭಾಷೆಯಲ್ಲಿ ಇದು ಟಿನ್ನಿಟಸ್. "ಕೇಳದ ಕಿವಿಗೆ ನರ ಯಾಕೆ ಮಾರಾಯ್ರೆ? ಕತ್ತರಿಸಿದರೆ ಸದ್ದಾದರೂ ನಿಂತೀತು" ಎಂದರು ಒಮ್ಮೆ.

ತಮಾಷೆಯ ಮಾತಲ್ಲ. ಕಳೆದ ಶತಮಾನದಲ್ಲಿ ಶಸ್ತ್ರವೈದ್ಯರು ಅದನ್ನೂ ಮಾಡಿ ನೋಡಿದ್ದಾರೆ. ನರ ಕತ್ತರಿಸಿದ ಮೇಲೂ ಹಲವರಿಗೆ ಸದ್ದು ನಿಲ್ಲಲಿಲ್ಲ! ಕಿವಿಯಿಂದ ಸುದ್ದಿ ಬರುವುದು ನಿಂತಾಗ ಮೆದುಳು ತನ್ನ ವಾಲ್ಯೂಮನ್ನು ತಾನೇ ಏರಿಸಿಕೊಳ್ಳುತ್ತದೆ ಎಂಬುದು ಇಂದು ಬಹಳ ಮಂದಿ ಒಪ್ಪುವ ವಿವರಣೆ. ಸ್ಟೇಷನ್ ಸಿಗದ ರೇಡಿಯೋ ಗೊರಗೊರ ಎನ್ನುವುದಿಲ್ಲವೇ, ಹಾಗೆ.

ಕಿವಿಗೆ ವಿದ್ಯುತ್ ಕೊಟ್ಟು ನೋಡಿದ ಮೊದಲಿಗರಲ್ಲಿ ಒಬ್ಬ ನಾವು ಪಾಠದಲ್ಲಿ ಓದುವ ವೋಲ್ಟಾ. ಎರಡೂ ಕಿವಿಗೆ ಲೋಹದ ಕಡ್ಡಿ ಇಟ್ಟು ತನ್ನ ಬ್ಯಾಟರಿಗೆ ಜೋಡಿಸಿದಾಗ ತಲೆಗೆ ಹೊಡೆತ ಬಿದ್ದಂತಾಗಿ, ಏನೋ ಮಂದವಾದದ್ದು ಕೊತಕೊತ ಕುದಿಯುವ ಸದ್ದು ಕೇಳಿತೆಂದು 1800ರಲ್ಲಿ ಬರೆದ. ಅಪಾಯವೆಂದು ಮತ್ತೆ ಆ ಗೋಜಿಗೆ ಹೋಗಲಿಲ್ಲ. 1957ರಲ್ಲಿ ಪ್ಯಾರಿಸ್ಸಿನ ಜೂರ್ನೋ ಮತ್ತು ಎರಿಯೆಸ್ ಕಿವುಡನೊಬ್ಬನ ಶ್ರವಣನರಕ್ಕೆ ತಂತಿ ಮುಟ್ಟಿಸಿದರು. 1961ರಲ್ಲಿ ಲಾಸ್ ಏಂಜಲೀಸಿನ ವಿಲಿಯಂ ಹೌಸ್ ತಂತಿಯನ್ನು ಕಾಕ್ಲಿಯಾದೊಳಗೆ, ಅಂದರೆ ಒಳಕಿವಿಯ ಸುರುಳಿಯೊಳಗೆ ಇಟ್ಟರು. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಅವರದು ನನಗೆ ಬಲು ಇಷ್ಟದ ಕಥೆ. ಸುರುಳಿಯೊಳಗೆ ತಂತಿ ನುಗ್ಗಿಸುವುದು ಹೇಗೆಂದು ತಿಳಿಯದೆ, ಕಡಲತೀರದಲ್ಲಿ ಚಿಪ್ಪೊಂದನ್ನು ಎತ್ತಿಕೊಂಡು ಹುಲ್ಲಿನ ಎಸಳು ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡ ಗಟ್ಟಿ ಇದ್ದ ಎಸಳು ಸಲೀಸಾಗಿ ಒಳಗೆ ಹೋಯಿತು. 1978ರಲ್ಲಿ ಮೆಲ್ಬೋರ್ನಿನಲ್ಲಿ ಅವರ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು.

ಇವೆಲ್ಲ ಎರಡೂ ಕಿವಿ ಹೋದವರಿಗಾಗಿ. ಆದರೆ ಯಂತ್ರ ಹಾಕಿಸಿಕೊಂಡವರಲ್ಲಿ ಕೆಲವರು, ಕಿವಿಯ ಮೊರೆತವೂ ತಗ್ಗಿತು ಎನ್ನತೊಡಗಿದರು. ಹಾಗಾದರೆ ಒಂದೇ ಕಿವಿ ಹೋಗಿ ಸದ್ದಿನಿಂದ ನರಳುವವರಿಗೆ? ಬಹಳ ಕಾಲ ವೈದ್ಯರು ಹಿಂಜರಿದರು. ಒಳ್ಳೆಯ ಕಿವಿಯ ಧ್ವನಿಯೂ ಯಂತ್ರದ ಧ್ವನಿಯೂ ಮೆದುಳಿನಲ್ಲಿ ಹೊಂದುವುದೇ ಎಂಬ ಭಯ.

ಬೆಲ್ಜಿಯಮ್ಮಿನ ಆಂಟ್ವರ್ಪಿನಲ್ಲಿ ವಾನ್ ಡೆ ಹೇನಿಂಗ್ ಮತ್ತು ಸಂಗಡಿಗರು ಧೈರ್ಯ ಮಾಡಿದರು. ಬೇರೆ ಯಾವ ಮದ್ದಿಗೂ ಬಗ್ಗದ 21 ಮಂದಿಯ ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ಹತ್ತರ ಅಳತೆಯಲ್ಲಿ ಸರಾಸರಿ 8.5 ಇದ್ದ ಸದ್ದು ಎರಡು ವರ್ಷದ ಬಳಿಕ 2.5ಕ್ಕೆ ಇಳಿದಿತ್ತು. ಮೂವರಿಗೆ ಪೂರ್ತಿ ನಿಂತಿತು. ಯಂತ್ರ ಆರಿಸಿದರೆ ಮತ್ತೆ 6.1! ಕಿವಿಗೆ ಕೆಲಸ ಕೊಟ್ಟರೆ ಸುಮ್ಮನಿರುತ್ತದೆ, ಬಿಟ್ಟರೆ ಗಲಾಟೆ. ನಮ್ಮ ಕೊನೆ ಬೆಂಚಿನ ಮಕ್ಕಳ ಹಾಗೆ. 2019ರಲ್ಲಿ ಅಮೆರಿಕದ ಎಫ್.ಡಿ.ಎ. ಒಂದು ಕಿವಿಯ ಕಿವುಡಿಗೂ ಈ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು.

ಎಲ್ಲರಿಗೂ ಫಲ ಒಂದೇ ಅಲ್ಲ, ಖರ್ಚು ಲಕ್ಷಗಟ್ಟಲೆ. ಕೇರಳದ ಶ್ರುತಿತರಂಗಂ ಯೋಜನೆ ಪುಟ್ಟ ಮಕ್ಕಳಿಗಾಗಿ ಬಂದದ್ದು, ನಮ್ಮ ಮಾಷ್ಟ್ರಂಥವರಿಗಲ್ಲ. ಆದರೂ ಅವರಿಗೆ ಒಂದು ಮಾತು ಹೇಳಿದೆ: "ಆ ಯಂತ್ರ ಮಾತಾಡುವುದು ನರದ ಮೂಲಕವೇ. ಕತ್ತರಿಸಿದರೆ ಆ ಬಾಗಿಲೂ ಮುಚ್ಚುತ್ತದೆ ಮಾಷ್ಟ್ರೇ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ರಾತ್ರಿ ಮಲಗುವಾಗ ಅದನ್ನು ತೆಗೆದಿಡಬೇಕಲ್ಲ?" ಎಂದು ಕೇಳಿದರು. ಹೊರಗಿನ ಭಾಗವನ್ನು ತೆಗೆದಿಡಬೇಕು ಎಂದೆ. "ಹಾಗಾದರೆ ಫ್ಯಾನು ಆಗಲೂ ಬೇಕು" ಎಂದು ನಕ್ಕರು.