ಎಂಟನೇ ಕ್ಲಾಸಿಗೆ ಸರ್ಕಾರಿ ಹೈಸ್ಕೂಲು: ಸೇರಿಸೋ ಮುಂಚೆ ಬೇಲೂರು ತಾಲ್ಲೂಕಿನ ಪೋಷಕರು ನೋಡಬೇಕಾದ್ದು

ಬೇಲೂರು: ಏಳನೇ ಕ್ಲಾಸ್ ಮುಗಿಸಿದ ಮಕ್ಕಳನ್ನು ಮುಂದೆ ಎಲ್ಲಿಗೆ ಸೇರಿಸೋದು ಅನ್ನೋ ಮಾತು ಪ್ರತಿ ಬೇಸಿಗೆಯಲ್ಲೂ ತಾಲ್ಲೂಕಿನ ಮನೆಗಳಲ್ಲಿ ನಡೆಯುತ್ತೆ. ಊರಲ್ಲಿರೋ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಸಾಮಾನ್ಯವಾಗಿ ಏಳಕ್ಕೆ ನಿಂತುಬಿಡುತ್ತೆ, ಕೆಲವು ಕಡೆ ಮಾತ್ರ ಎಂಟರವರೆಗೆ. ಮುಂದಕ್ಕೆ ಹೋಬಳಿ ಕೇಂದ್ರದ ಹೈಸ್ಕೂಲು, ಇಲ್ಲಾಂದ್ರೆ ಬೇಲೂರು ಪಟ್ಟಣದ್ದು, ಅದೂ ಬೇಡ ಅಂದ್ರೆ ವ್ಯಾನ್ ಹತ್ತಿಸಿ ಖಾಸಗಿ ಶಾಲೆ. ಕಸಬಾ, ಹಳೇಬೀಡು, ಮಾದಿಹಳ್ಳಿ, ಬಿಕ್ಕೋಡು, ಅರೇಹಳ್ಳಿ, ಐದೂ ಹೋಬಳಿಯಲ್ಲಿ ಇದೇ ಲೆಕ್ಕಾಚಾರ. ಹೈಸ್ಕೂಲು ಅಂದ್ರೆ ಮೂರೇ ವರ್ಷ. ಆದ್ರೆ ಆ ಮೂರು ವರ್ಷ ಎಲ್ಲಿ ಓದಿದ್ರು ಅನ್ನೋದರ ಮೇಲೆ ಮುಂದೆ ಸೀಟು, ಕೆಲಸ, ಸ್ಕಾಲರ್‌ಶಿಪ್ ನಿಂತಿರುತ್ತೆ. ಇದು ಬಹಳ ಜನಕ್ಕೆ ಗೊತ್ತಾಗೋದು ಮಗು ಪಿಯುಸಿ ಮುಗಿಸಿ ಸಿಇಟಿ ಅರ್ಜಿ ತುಂಬುವಾಗ. ಅಷ್ಟೊತ್ತಿಗೆ ಏನೂ ಮಾಡೋಕೆ ಬರಲ್ಲ.

ಪುರಸಭೆ ಗಡಿಯ ಒಳಗೋ, ಹೊರಗೋ?

ಮೊದಲು ನೋಡಬೇಕಾದ್ದು ಇದು. ಒಂದನೇ ತರಗತಿಯಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಮೂಲಕ ಹಂಚುವ ವೃತ್ತಿಪರ ಕೋರ್ಸ್‌ಗಳ ಸರ್ಕಾರಿ ಸೀಟುಗಳಲ್ಲಿ ಶೇ 15 ಗ್ರಾಮೀಣ ಕೋಟಾ ಇದೆ. ರಾಜ್ಯ ಸರ್ಕಾರಿ ಕೆಲಸದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25 ಮೀಸಲು. ಇಲ್ಲಿ ಲೆಕ್ಕಕ್ಕೆ ಬರೋದು ಮನೆ ಎಲ್ಲಿದೆ ಅನ್ನೋದಲ್ಲ, ಶಾಲೆ ಎಲ್ಲಿದೆ ಅನ್ನೋದು.

ಬೇಲೂರು ಪಟ್ಟಣ ಪುರಸಭೆ ವ್ಯಾಪ್ತಿ. ಹಳ್ಳಿಯಲ್ಲಿ ಏಳು ವರ್ಷ ಓದಿದ ಹುಡುಗಿಯನ್ನು ಎಂಟನೇ ಕ್ಲಾಸಿಗೆ ಪಟ್ಟಣದೊಳಗಿನ ಶಾಲೆಗೆ ಸೇರಿಸಿದ್ರೆ, ಅವಳು ದಿನಾ ಹಳ್ಳಿಯಿಂದಲೇ ಬಸ್ಸಲ್ಲಿ ಬಂದು ಹೋದ್ರೂ, ಹತ್ತು ವರ್ಷದ ಲೆಕ್ಕ ತುಂಡಾಯ್ತು. ಅದೇ ಹುಡುಗಿ ಪಟ್ಟಣದ ಅಂಚಿನಲ್ಲಿ, ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಿರೋ ಹೈಸ್ಕೂಲಿಗೆ ಸೇರಿದ್ರೆ ಕೋಟಾ ಉಳಿಯುತ್ತೆ. ಹಾಸನ ರಸ್ತೆ, ಚಿಕ್ಕಮಗಳೂರು ರಸ್ತೆ, ಹಳೇಬೀಡು ರಸ್ತೆ ಎಲ್ಲಾ ಕಡೆ ಪಟ್ಟಣ ಬೆಳೆದು ಹೋಗಿದೆ, ಕಣ್ಣಿಗೆ ನೋಡಿದ್ರೆ ಎಲ್ಲಿ ಪುರಸಭೆ ಮುಗೀತು, ಎಲ್ಲಿ ಪಂಚಾಯ್ತಿ ಶುರುವಾಯ್ತು ತಿಳಿಯಲ್ಲ. ಬೋರ್ಡಿನ ಮೇಲೆ "ಬೇಲೂರು" ಅಂತ ಇದ್ದ ಮಾತ್ರಕ್ಕೆ ಒಳಗೆ ಅಂತ ಅಲ್ಲ, ತೋಟದ ಮಧ್ಯೆ ಇದ್ದ ಮಾತ್ರಕ್ಕೆ ಹೊರಗೆ ಅಂತಲೂ ಅಲ್ಲ. ಶಾಲೆಯ ಮುಖ್ಯ ಶಿಕ್ಷಕರನ್ನೋ ಬಿಇಒ ಆಫೀಸನ್ನೋ ನೇರವಾಗಿ ಕೇಳಿ. ಕೇಳೋಕೆ ಸಂಕೋಚ ಪಡಬೇಕಾಗಿಲ್ಲ.

ಇದರ ಜೊತೆಗೇ ಇನ್ನೊಂದು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲೂ ಸರ್ಕಾರಿ ನೇಮಕಾತಿಯಲ್ಲೂ ಶೇ 5 ಪ್ರತ್ಯೇಕ ಮೀಸಲು ಇದೆ. ಈಗ ಹಲವು ಸರ್ಕಾರಿ ಹೈಸ್ಕೂಲುಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆ. ಅದೇ ಕಟ್ಟಡ, ಅದೇ ಮೇಷ್ಟ್ರು, ಫೀಸೂ ಅಷ್ಟೇ ಕಡಿಮೆ, ಹಾಗಾಗಿ ಯೋಚನೆ ಮಾಡದೆ ಸೇರಿಸಿಬಿಡ್ತಾರೆ. ಎಂಟರಲ್ಲಿ ಮಾಧ್ಯಮ ಬದಲಾದ್ರೆ ಆ ಶೇ 5 ಹೋಯ್ತು. ಇಂಗ್ಲಿಷ್ ಮಾಧ್ಯಮ ಬೇಡ ಅಂತ ಹೇಳ್ತಿಲ್ಲ, ಪಿಯುಸಿ ಸೈನ್ಸಿಗೆ ಹೋಗೋ ಮಗುಗೆ ಅದರಿಂದ ಅನುಕೂಲ ಇರಬಹುದು. ಏನು ಬಿಟ್ಟು ಏನು ತಗೊಳ್ತಿದ್ದೀವಿ ಅನ್ನೋದು ಗೊತ್ತಿರಲಿ ಅಷ್ಟೆ. ಈ ಎರಡೂ ಕೋಟಾಗೆ ಬೇಕಾಗೋ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಬಿಇಒ ಮೇಲುಸಹಿ ಬೇಕು. ಗ್ರಾಮೀಣ ಕೋಟಾ ಕೇಳೋ ಸಾಮಾನ್ಯ ವರ್ಗದವರಿಗೆ ಕೆನೆಪದರದ ಷರತ್ತೂ ಇದೆ.

ನಲವತ್ತೆಂಟು ಸಾವಿರದ ಪರೀಕ್ಷೆ

ಎಂಟನೇ ಕ್ಲಾಸಲ್ಲಿ ಎನ್‌ಎಂಎಂಎಸ್ ಅಂತ ಒಂದು ಪರೀಕ್ಷೆ ಇರುತ್ತೆ. ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್. ಪಾಸಾಗಿ ಆಯ್ಕೆಯಾದ ಮಗುವಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000, ನೇರ ಬ್ಯಾಂಕ್ ಖಾತೆಗೆ. ಕರ್ನಾಟಕದ ಕೋಟಾ 5,534 ಮಕ್ಕಳು. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು, ಏಳನೇ ಕ್ಲಾಸಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ಶೇ 50 ಸಾಕು.

ಗಮನಿಸಬೇಕಾದ್ದು ಏನಂದ್ರೆ ಇದು ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆ ಮಕ್ಕಳಿಗೆ ಮಾತ್ರ. ಅನುದಾನ ಇಲ್ಲದ ಖಾಸಗಿ ಶಾಲೆಗೆ ಸೇರಿಸಿದ ದಿನವೇ ಈ ದಾರಿ ಮುಚ್ಚುತ್ತೆ. ನವೋದಯ, ಕೇಂದ್ರೀಯ ವಿದ್ಯಾಲಯ, ಸರ್ಕಾರವೇ ಊಟ ವಸತಿ ಕೊಡೋ ವಸತಿ ಶಾಲೆಯವರೂ ಬರೆಯೋ ಹಾಗಿಲ್ಲ.

ಪ್ರಶ್ನೆಪತ್ರಿಕೆ ಎರಡು, ತಲಾ 90 ಅಂಕ. ಒಂದು ಬುದ್ಧಿಶಕ್ತಿಯದ್ದು, ಇನ್ನೊಂದು ವಿಜ್ಞಾನ, ಸಮಾಜ, ಗಣಿತದ್ದು. ಎಲ್ಲಾ ಸರಿಯುತ್ತರ ಆರಿಸೋ ಮಾದರಿ. ಅರ್ಜಿ ಹೋಗೋದು ಶಾಲೆ ಮೂಲಕ. ಹಾಗಾಗಿ ಶಾಲೆ ನೋಡೋಕೆ ಹೋದಾಗ ಕೇಳಬೇಕಾದ ಒಂದೇ ಪ್ರಶ್ನೆ ಇದ್ರೆ ಅದು ಇದು: ಹೋದ ವರ್ಷ ನಿಮ್ಮಲ್ಲಿ ಎಷ್ಟು ಮಕ್ಕಳು ಎನ್‌ಎಂಎಂಎಸ್ ಬರೆದ್ರು, ಎಷ್ಟು ಜನಕ್ಕೆ ಬಂತು? ಉತ್ತರ ಥಟ್ಟಂತ ಬಂದ್ರೆ ಆ ಶಾಲೆಯಲ್ಲಿ ಮೇಷ್ಟ್ರು ಕೂತು ತಯಾರಿ ಮಾಡಿಸ್ತಾರೆ ಅಂತ ಲೆಕ್ಕ. ಸಿಕ್ಕಿದ ಸ್ಕಾಲರ್‌ಶಿಪ್ ಪಿಯುಸಿಗೂ ಮುಂದುವರಿಯಬೇಕಾದ್ರೆ ಎಸ್ಸೆಸ್ಸೆಲ್ಸಿಯಲ್ಲಿ ಶೇ 60 ತೆಗೀಬೇಕು, ಪರಿಶಿಷ್ಟರಿಗೆ ಇದರಲ್ಲಿ ಶೇ 5 ವಿನಾಯಿತಿ.

ರಿಸಲ್ಟ್ ಬೋರ್ಡನ್ನು ಓದೋದು ಹೇಗೆ

ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು. ಇದರಲ್ಲಿ ಬರೆಯೋ ಪರೀಕ್ಷೆ 500ಕ್ಕೆ, ಉಳಿದ 125 ಶಾಲೆಯಲ್ಲೇ ಕೊಡೋ ಆಂತರಿಕ ಅಂಕ. ಅಂದ್ರೆ ಐದರಲ್ಲಿ ಒಂದು ಪಾಲು ವರ್ಷವಿಡೀ ನಡೆಯೋ ಕಿರುಪರೀಕ್ಷೆ, ಚಟುವಟಿಕೆಗಳಿಂದ ಬರುತ್ತೆ. ಕಾಫಿ ಕೊಯ್ಲಿನ ಟೈಮಲ್ಲಿ, ನವೆಂಬರಿಂದ ಫೆಬ್ರವರಿವರೆಗೆ, ಕೂಲಿಗೆ ಅಂತ ಮಗುವನ್ನ ವಾರಗಟ್ಟಲೆ ಬಿಡಿಸಿದ್ರೆ ಮೊದಲು ಹೊಡೆತ ಬೀಳೋದು ಇಲ್ಲಿಗೇ. ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆಗಳೂ ಅದೇ ದಿನಗಳಲ್ಲೇ ಬರ್ತವೆ.

ಪಾಸಾಗೋಕೆ 2025-26ನೇ ಸಾಲಿನಿಂದ ನಿಯಮ ಬದಲಾಗಿದೆ. ಮೊದಲು ಶೇ 35 ಬೇಕಿತ್ತು. ಈಗ ಪ್ರತಿ ವಿಷಯದಲ್ಲಿ ಆಂತರಿಕ ಅಂಕವೂ ಸೇರಿ ಕನಿಷ್ಠ ಶೇ 30, ಒಟ್ಟಾರೆ ಶೇ 33, ಅಂದ್ರೆ 625ಕ್ಕೆ 206. ಫೇಲಾದ್ರೆ ವರ್ಷ ಹೋಯ್ತು ಅನ್ನೋ ಕಾಲವೂ ಮುಗಿದಿದೆ. 2024ರಿಂದ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದೇ ವರ್ಷದಲ್ಲಿ ಮತ್ತೆ ಬರೆಯೋ ಅವಕಾಶ ಇದೆ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳೋಕೆ ಬರೀಬಹುದು.

ಈಗ ಶೇಕಡಾವಾರು ವಿಚಾರ. 2019ರಲ್ಲಿ ನಮ್ಮ ಹಾಸನ ಜಿಲ್ಲೆ ಶೇ 89.33 ಫಲಿತಾಂಶ ಪಡೆದು ಇಡೀ ರಾಜ್ಯಕ್ಕೇ ಮೊದಲ ಸ್ಥಾನಕ್ಕೆ ಬಂತು. ಅದಕ್ಕೂ ಎರಡು ವರ್ಷ ಹಿಂದೆ 31ನೇ ಸ್ಥಾನ, 2018ರಲ್ಲಿ ಏಳನೇದು. ಉಡುಪಿ, ಮಂಗಳೂರಿನವರನ್ನು ಹಿಂದೆ ಹಾಕಿದ್ದು ಸಣ್ಣ ಮಾತಲ್ಲ. ಅದರ ಕೀರ್ತಿ ಆಗಿನ ಜಿಲ್ಲಾಧಿಕಾರಿ ರೋಹಿಣಿ ಸಿಂಧೂರಿ ಅವರಿಗೋ, ಜಿಲ್ಲಾ ಪಂಚಾಯ್ತಿಗೋ ಅಂತ ರಾಜಕೀಯದವರಲ್ಲಿ ವಾದವೂ ನಡೀತು. ಸಂಜೆ ಹೊತ್ತು ವಿಶೇಷ ತರಗತಿಯಲ್ಲಿ ನಿಂತು ಪಾಠ ಮಾಡಿದ ಮೇಷ್ಟ್ರುಗಳ ಹೆಸರು ಮಾತ್ರ ಆ ಗಲಾಟೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಆದ್ರೆ 2019ರ ಅಂಕಿಯನ್ನ ಈಗಿನದಕ್ಕೆ ಹೋಲಿಸೋ ಹಾಗಿಲ್ಲ. 2024ರಿಂದ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರುವಾಯ್ತು. ರಾಜ್ಯದ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಹೆಚ್ಚುವರಿ ಕೃಪಾಂಕ ಕೊಟ್ಟೂ ಶೇ 73.40ಕ್ಕೆ ಇಳೀತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ತೆಗೆದ್ರು, ಪರೀಕ್ಷೆ-1ರಲ್ಲಿ ಶೇ 66.14ಕ್ಕೆ ಬಂತು. ಹಾಗಾಗಿ ಶಾಲೆ ಗೋಡೆ ಮೇಲೆ ಹತ್ತು ವರ್ಷದ ಶೇಕಡಾವಾರು ಬರೆದಿದ್ರೆ ಕೊನೆಯ ಎರಡು ಮೂರು ವರ್ಷದ್ದನ್ನು ಮಾತ್ರ ಓದಿ. "ನೂರಕ್ಕೆ ನೂರು" ಅಂತ ಫ್ಲೆಕ್ಸ್ ಕಂಡ್ರೆ ಎಷ್ಟು ಮಕ್ಕಳು ಬರೆದಿದ್ರು ಅಂತಲೂ, ಎಂಟಕ್ಕೆ ಸೇರಿದವರಲ್ಲಿ ಎಷ್ಟು ಜನ ಹತ್ತರವರೆಗೆ ಅದೇ ಶಾಲೆಯಲ್ಲಿ ಉಳಿದಿದ್ರು ಅಂತಲೂ ಕೇಳಿ. ಇದು ಸರ್ಕಾರಿ, ಖಾಸಗಿ ಎರಡಕ್ಕೂ ಅನ್ವಯ. ಹನ್ನೆರಡು ಮಕ್ಕಳಲ್ಲಿ ಹನ್ನೆರಡೂ ಪಾಸ್ ಆಗೋದು ಬೇರೆ, ನೂರಿಪ್ಪತ್ತರಲ್ಲಿ ತೊಂಬತ್ತು ಪಾಸ್ ಆಗೋದು ಬೇರೆ.

ಗಣಿತ, ಇಂಗ್ಲಿಷ್, ವಿಜ್ಞಾನಕ್ಕೆ ಕಾಯಂ ಶಿಕ್ಷಕರಿದ್ದಾರಾ, ಅತಿಥಿ ಶಿಕ್ಷಕರಾ, ಹುದ್ದೆ ಖಾಲಿಯಾ ಅನ್ನೋದು ಜೂನ್ ತಿಂಗಳಲ್ಲೇ ತಿಳ್ಕೊಳ್ಳಿ. ಅತಿಥಿ ಶಿಕ್ಷಕರು ಬರೋ ಹೊತ್ತಿಗೆ ಎಷ್ಟೋ ಸಲ ಮೊದಲ ಪಾಠಗಳು ಹಿಂದೆ ಬಿದ್ದಿರ್ತವೆ.

ಊಟ, ಬಟ್ಟೆ, ಬಸ್ಸು

ಪಠ್ಯಪುಸ್ತಕ ಉಚಿತ, ಒಂದು ಜೊತೆ ಶೂ ಎರಡು ಜೊತೆ ಸಾಕ್ಸೂ ಉಚಿತ. ಸಮವಸ್ತ್ರಕ್ಕೆ ಬಟ್ಟೆ ಕೊಡ್ತಾರೆ, ಹೊಲಿಗೆ ಖರ್ಚು ಮನೆಯವರದ್ದು. ನೋಟ್‌ಬುಕ್ಕೂ ಅಷ್ಟೇ. ಮಧ್ಯಾಹ್ನದ ಬಿಸಿಯೂಟ ಹತ್ತನೇ ಕ್ಲಾಸಿನವರಿಗೂ ಇದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, 2024ರಿಂದ ಅದರ ಜೊತೆ ರಾಗಿ ಮಾಲ್ಟ್. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವೂ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಎಂಟನೇ ಕ್ಲಾಸಿನವರಿಗೆ 2006-07ರಿಂದ ಕೊಡ್ತಿದ್ದ ಸೈಕಲ್ ಮಾತ್ರ ಕೋವಿಡ್ ಟೈಮಲ್ಲಿ ನಿಂತದ್ದು ನಿಂತೇ ಹೋಯ್ತು.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ. ಹುಡುಗರು ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಆದ್ರೆ ಪಾಸ್ ಇದ್ದರೆ ಸಾಲದು, ಬಸ್ಸೂ ಬರಬೇಕಲ್ಲ. ಬಿಕ್ಕೋಡು, ಅರೇಹಳ್ಳಿ ಕಡೆ ಕಾಡಾನೆ ಓಡಾಟ ಇರೋದರಿಂದ ಸಂಜೆಯ ವಿಶೇಷ ತರಗತಿ ಮುಗಿಸಿ ತೋಟದ ದಾರೀಲಿ ನಡೆದು ಹೋಗೋದು ಮಕ್ಕಳಿಗೆ ಜೀವದ ಪ್ರಶ್ನೆ. ಅಂಥ ಕಡೆ ವಿಶೇಷ ತರಗತಿ ಬೆಳಿಗ್ಗೆ ಇಡಿ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಕೇಳಬಹುದು. ದೂರದವರಿಗೆ ಹಿಂದುಳಿದ ವರ್ಗಗಳ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ಪೂರ್ವ ಹಾಸ್ಟೆಲ್‌ಗಳಿವೆ, ಶಾಲೆ ಶುರುವಾಗೋ ಹೊತ್ತಿಗೇ ಅರ್ಜಿ ಹಾಕಬೇಕು.

ಕಟ್ಟಡ ನೋಡುವಾಗ ಬಣ್ಣ ನೋಡಬೇಡಿ. ಹೆಣ್ಣುಮಕ್ಕಳ ಶೌಚಾಲಯದ ನಲ್ಲೀಲಿ ನೀರು ಬರುತ್ತಾ ನೋಡಿ. ಪ್ರಯೋಗಾಲಯದ ಬೀಗ ತುಕ್ಕು ಹಿಡಿದಿದೆಯಾ ನೋಡಿ. ಕಂಪ್ಯೂಟರ್ ಇದೆ ಅಂತಾರೆ, ವಾರಕ್ಕೆ ಎಷ್ಟು ಪೀರಿಯಡ್ ಅಂತ ಮಕ್ಕಳನ್ನೇ ಕೇಳಿ, ಅವರು ಸುಳ್ಳು ಹೇಳಲ್ಲ.

ಆಟದ ಮೈದಾನ

ನಮ್ಮ ಕಡೆ ಕ್ರೀಡೆ ಅಂದ್ರೆ ಕ್ರಿಕೆಟ್ ಹೆಸರು ಮೊದಲು ಬರುತ್ತೆ. ಜಾವಗಲ್ ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಾದ್ರೂ ಹೆಸರಲ್ಲಿರೋ ಜಾವಗಲ್ ಪಕ್ಕದ ಅರಸೀಕೆರೆ ತಾಲ್ಲೂಕಿನದ್ದು. 1996ರಲ್ಲಿ ಭಾರತಕ್ಕೆ ಎರಡು ಟೆಸ್ಟ್ ಆಡಿದ ವೇಗಿ ಡೇವಿಡ್ ಜಾನ್ಸನ್ ಅರಸೀಕೆರೆಯಲ್ಲೇ ಹುಟ್ಟಿದವರು. ಆದ್ರೆ ಸರ್ಕಾರಿ ಹೈಸ್ಕೂಲಿನ ಮಗು ಮೇಲೆ ಹತ್ತೋ ಏಣಿಯಲ್ಲಿ ಹೆಚ್ಚು ಕೆಲಸಕ್ಕೆ ಬರೋದು ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್, ಓಟ, ಎಸೆತ. ದುಬಾರಿ ಸಾಮಾನು ಬೇಡ, ಸಮತಟ್ಟಾದ ಜಾಗ ಇದ್ರೆ ಸಾಕು. ಹೋಬಳಿ ಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಹಾಸನಕ್ಕೆ, ಆಮೇಲೆ ಮೈಸೂರು ವಿಭಾಗ, ಅದಾದ ಮೇಲೆ ರಾಜ್ಯ. ಮಳೆ ಬಿಡುವು ಕೊಟ್ಟಾಗ ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ ಈ ಪಂದ್ಯಗಳು ನಡೀತವೆ. ದಸರಾ ಕ್ರೀಡಾಕೂಟ ಬೇರೆ, ಅದನ್ನು ಕ್ರೀಡಾ ಇಲಾಖೆ ನಡೆಸುತ್ತೆ.

ಇಲ್ಲಿ ಎಲ್ಲವೂ ನಿಂತಿರೋದು ದೈಹಿಕ ಶಿಕ್ಷಣ ಶಿಕ್ಷಕರ ಮೇಲೆ. ಅವರಿಲ್ಲದ ಶಾಲೆಯಲ್ಲಿ ಪಿ.ಟಿ. ಪೀರಿಯಡ್ಡಿಗೆ ಗಣಿತ ಮೇಷ್ಟ್ರು ಬರ್ತಾರೆ, ಇಲ್ಲಾ ಮಕ್ಕಳು ಬಾಲ್ ತಗೊಂಡು ತಮ್ಮ ಪಾಡಿಗೆ ತಾವು ಆಡ್ತಾರೆ. ಮಲೆನಾಡು ಕಡೆಯ ಶಾಲೆಗಳಿಗೆ ಇನ್ನೊಂದು ಕಷ್ಟ: ಜೂನ್‌ನಿಂದ ಮೈದಾನ ಕೆಸರು, ಅಭ್ಯಾಸಕ್ಕೆ ದಿನವೇ ಸಿಗಲ್ಲ. ಹಳೇಬೀಡು, ಮಾದಿಹಳ್ಳಿ ಬಯಲಿನ ಮಕ್ಕಳಿಗೆ ಈ ವಿಷಯದಲ್ಲಿ ಸ್ವಲ್ಪ ಅನುಕೂಲ. ಹಾಡು, ನಾಟಕ, ಭಾಷಣದಲ್ಲಿ ಆಸಕ್ತಿ ಇರೋ ಮಕ್ಕಳಿಗೆ ಪ್ರತಿಭಾ ಕಾರಂಜಿ ಇದೆ, ಅದೂ ಹೀಗೇ ಹಂತಹಂತವಾಗಿ ರಾಜ್ಯದವರೆಗೆ ಹೋಗುತ್ತೆ.

ಶಾಲೆ ಪಕ್ಕದ ಅಂಗಡಿಯವರಿಗೆ

ಶಾಲಾ ಆವರಣದಿಂದ ನೂರು ಮೀಟರ್ ಒಳಗೆ ಬೀಡಿ, ಸಿಗರೇಟು, ಗುಟ್ಕಾ ಯಾವುದೂ ಮಾರೋ ಹಾಗಿಲ್ಲ. 2025ರ ಮೇ ತಿಂಗಳಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಪ್ರಕಾರ 21 ವರ್ಷದೊಳಗಿನವರಿಗೆ ಎಲ್ಲೇ ಆಗಲಿ ತಂಬಾಕು ಮಾರುವಂತಿಲ್ಲ, ಬಿಡಿ ಸಿಗರೇಟೂ ಮಾರುವಂತಿಲ್ಲ, ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಅಪ್ಪ ತರೋಕೆ ಹೇಳಿದ್ರು ಅಂತ ಯೂನಿಫಾರ್ಮಿನ ಹುಡುಗ ಬಂದು ನಿಂತರೂ ಕೊಡೋ ಹಾಗಿಲ್ಲ.