ಟ್ರ್ಯಾಕ್ಟರ್ ಎಂಜಿನ್ ಅತಿಯಾಗಿ ಬಿಸಿಯಾಗುವುದು: ಕಾರಣ ಪತ್ತೆ ಮತ್ತು ಪರಿಹಾರ ಕ್ರಮಗಳು

ರಾಯಚೂರು ಜಿಲ್ಲೆಯ ಕಲ್ಲೂರು, ಮಾನ್ವಿ ಹಾಗೂ ದೇವದುರ್ಗ ಭಾಗಗಳಲ್ಲಿ ಕೇಜ್ ವೀಲ್ ಕಟ್ಟಿ ಭತ್ತದ ಗದ್ದೆ ಕೆಸರು ಮಾಡುವುದು, ಕಪ್ಪು ಭೂಮಿಯ ಆಳ ಉಳುಮೆ, ತೊಗರಿ ಒಕ್ಕಣೆ ಮುಂತಾದ ಕೆಲಸಗಳಲ್ಲಿ ಟ್ರ್ಯಾಕ್ಟರ್ ಎಂಜಿನ್ ಗಂಟೆಗಟ್ಟಲೆ ಹೆಚ್ಚಿನ ಹೊರೆಯಲ್ಲಿ ದುಡಿಯುತ್ತದೆ. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ತಂಪುಗೊಳಿಸುವ ವ್ಯವಸ್ಥೆಯ ಸಣ್ಣ ದೋಷವೂ ಬೇಗನೆ ತೊಂದರೆಗೆ ಕಾರಣವಾಗುತ್ತದೆ. ಎಂಜಿನ್ ಬಿಸಿಯಾದಾಗಲೆಲ್ಲ ರೇಡಿಯೇಟರಿಗೆ ನೀರು ಸುರಿದು ಕೆಲಸ ಮುಂದುವರಿಸುವುದು ಪರಿಹಾರವಲ್ಲ. ಕಾರಣವನ್ನು ಪತ್ತೆ ಮಾಡದಿದ್ದರೆ ಒಂದು ಬೆಲ್ಟ್ ಅಥವಾ ಹೋಸ್ ಬದಲಿಸಿ ಮುಗಿಸಬಹುದಾದ ದುರಸ್ತಿಯು ಸಿಲಿಂಡರ್ ಹೆಡ್ ಬಿರುಕು ಬಿಡುವ, ಪಿಸ್ಟನ್ ಹಿಡಿದುಕೊಳ್ಳುವ ಹಂತಕ್ಕೆ ತಲುಪುತ್ತದೆ.

ಲಕ್ಷಣಗಳು

• ತಾಪಮಾಪಕದ ಮುಳ್ಳು ಕೆಂಪು ಪಟ್ಟಿಗೆ ಏರುವುದು.
• ರೇಡಿಯೇಟರಿನಿಂದ ಹಬೆ ಬರುವುದು ಅಥವಾ ನೀರು ಉಕ್ಕುವುದು.
• ಎಂಜಿನ್ ಶಕ್ತಿ ಕುಂದುವುದು, ಬಡಿತದ ಶಬ್ದ ಕೇಳಿಬರುವುದು.

ತಕ್ಷಣ ಕೈಗೊಳ್ಳಬೇಕಾದ ಕ್ರಮಗಳು

1. ಉಪಕರಣವನ್ನು ಮೇಲೆತ್ತಿ, ಪಿ.ಟಿ.ಒ. ಬಿಡಿಸಿ, ಎಂಜಿನ್ ಮೇಲಿನ ಹೊರೆಯನ್ನು ಪೂರ್ಣವಾಗಿ ತೆಗೆಯಬೇಕು.
2. ನೀರು ಸೋರದೆ, ಫ್ಯಾನ್ ತಿರುಗುತ್ತಿದ್ದರೆ ಎಂಜಿನ್ನನ್ನು ಕೆಲವು ನಿಮಿಷ ನಿಧಾನ ವೇಗದಲ್ಲಿ ಓಡಿಸಿ ನಂತರ ನಿಲ್ಲಿಸಬೇಕು. ಬೆಲ್ಟ್ ಹರಿದಿದ್ದರೆ, ನೀರು ಹೊರಹೋಗಿದ್ದರೆ ಅಥವಾ ಆಯಿಲ್ ಒತ್ತಡದ ದೀಪ ಹೊತ್ತಿದ್ದರೆ ಆ ಕ್ಷಣವೇ ನಿಲ್ಲಿಸಬೇಕು.
3. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇರಬಹುದು. ಮುಚ್ಚಳ ತೆರೆದೊಡನೆ ಅದು ಹಬೆಯಾಗಿ ಚಿಮ್ಮಿ ಮುಖ ಮತ್ತು ಕೈಗಳನ್ನು ಸುಡುತ್ತದೆ.
4. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು. ಲೋಹ ಒಮ್ಮೆಲೇ ಕುಗ್ಗಿ ಹೆಡ್ ಅಥವಾ ಬ್ಲಾಕ್ ಬಿರುಕು ಬಿಡುತ್ತದೆ. ಎಂಜಿನ್ ಪೂರ್ಣ ತಣಿದ ನಂತರವೇ ನೀರು ತುಂಬಬೇಕು.

ಕಾರಣ ಪತ್ತೆ ಮಾಡುವ ಕ್ರಮ

ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ದುಬಾರಿ ದುರಸ್ತಿಯ ಕಡೆಗೆ ಹೋಗಬೇಕು. ಎಲ್ಲ ಪರೀಕ್ಷೆಗಳನ್ನೂ ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಮಾಡಬೇಕು.

1. ರೇಡಿಯೇಟರಿನ ಹೊರಮೈ: ಒಕ್ಕಣೆ ಮತ್ತು ಭತ್ತದ ಹುಲ್ಲಿನ ಪೆಂಡಿ ಕಟ್ಟುವ ಕೆಲಸದಲ್ಲಿ ಹೊಟ್ಟು, ಧೂಳು ಮುಂಭಾಗದ ಜಾಲರಿ ಹಾಗೂ ರೆಕ್ಕೆಗಳ ನಡುವೆ ಸೇರಿ ಗಾಳಿಯನ್ನು ತಡೆಯುತ್ತವೆ. ಫ್ಯಾನ್ ಗಾಳಿಯನ್ನು ಮುಂದಿನಿಂದ ಹಿಂದಕ್ಕೆ ಸೆಳೆಯುವುದರಿಂದ ಶುಚಿಗೊಳಿಸುವಾಗ ಎಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಅಥವಾ ನೀರು ಹಾಯಿಸಬೇಕು. ಒತ್ತಡ ಕಡಿಮೆ ಇರಲಿ. ಹೆಚ್ಚಾದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

2. ನೀರಿನ ಮಟ್ಟ ಮತ್ತು ಸೋರಿಕೆ: ಹೋಸ್, ಕ್ಲಿಪ್, ವಾಟರ್ ಪಂಪ್ ಹಾಗೂ ರೇಡಿಯೇಟರಿನ ತಳಭಾಗವನ್ನು ಪರಿಶೀಲಿಸಬೇಕು. ಮುಚ್ಚಳದ ರಬ್ಬರ್ ಸೀಲ್ ಹಾಳಾಗಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ.

3. ಫ್ಯಾನ್ ಬೆಲ್ಟ್: ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸಾಮಾನ್ಯವಾಗಿ 10ರಿಂದ 15 ಮಿ.ಮೀ. ಬಾಗಬೇಕು. ಸಡಿಲವಾಗಿದ್ದರೆ ಬಿಗಿಗೊಳಿಸಬೇಕು, ಬಿರುಕು ಕಂಡರೆ ಬದಲಿಸಬೇಕು.

4. ಥರ್ಮೋಸ್ಟಾಟ್: ಎಂಜಿನ್ ಕಾದಿದ್ದರೂ ಮೇಲಿನ ಹೋಸ್ ತಣ್ಣಗಿದ್ದುದು ಕಂಡುಬಂದು, ನೀರಿನ ಮಟ್ಟ ಸರಿಯಿದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲವೆಂದು ಶಂಕಿಸಬೇಕು. ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿದಾಗ ಅದರ ಮೇಲೆ ಮುದ್ರಿಸಿರುವ ಉಷ್ಣಾಂಶದ ಆಸುಪಾಸಿನಲ್ಲಿ ತೆರೆಯಬೇಕು. ಕೆಟ್ಟಿದ್ದರೆ ಹೊಸದನ್ನು ಅಳವಡಿಸಬೇಕು. ಅದನ್ನು ತೆಗೆದುಹಾಕಿ ಹಾಗೆಯೇ ಓಡಿಸಿದರೆ ಎಂಜಿನ್ ತಕ್ಕ ಉಷ್ಣಾಂಶಕ್ಕೆ ಬಾರದೆ ಸವೆತ ಮತ್ತು ಡೀಸೆಲ್ ಖರ್ಚು ಹೆಚ್ಚುತ್ತವೆ.

5. ಒಳಗಿನ ಪಾಚಿ ಮತ್ತು ಸುಣ್ಣದ ಪದರ: ಕೊಳವೆ ಬಾವಿಯ ಗಡಸು ನೀರನ್ನು ಮತ್ತೆ ಮತ್ತೆ ತುಂಬುವುದರಿಂದ ನಳಿಕೆಗಳಲ್ಲಿ ಪದರ ಕಟ್ಟಿ ಶಾಖ ಹೊರಹೋಗುವುದಿಲ್ಲ. ಇಂಥ ರೇಡಿಯೇಟರನ್ನು ದುರಸ್ತಿಗಾರರಲ್ಲಿ ಒಳಗಿನಿಂದ ಶುಚಿಗೊಳಿಸಿಸಬೇಕು.

6. ಹೊರೆಯ ದೋಷಗಳು: ಎತ್ತರದ ಗೇರಿನಲ್ಲಿ ಭಾರದ ಕೆಲಸ, ಬ್ರೇಕ್ ಹಿಡಿದುಕೊಂಡಿರುವುದು, ಏರ್ ಕ್ಲೀನರ್ ಕಟ್ಟಿಕೊಂಡಿರುವುದು, ಎಂಜಿನ್ ಆಯಿಲ್ ಕಡಿಮೆಯಾಗಿರುವುದು ಇವೂ ಕಾರಣಗಳಾಗಬಹುದು. ಹೊಗೆ ಕಪ್ಪಾಗಿ ಬರುತ್ತಿದ್ದರೆ ಗೇರ್ ಇಳಿಸಬೇಕು ಅಥವಾ ಉಳುಮೆಯ ಆಳ ಕಡಿಮೆ ಮಾಡಬೇಕು.

7. ಹೆಡ್ ಗ್ಯಾಸ್ಕೆಟ್: ಸೋರಿಕೆ ಕಾಣದಿದ್ದರೂ ನೀರು ಕಡಿಮೆಯಾಗುವುದು, ರೇಡಿಯೇಟರಿನಲ್ಲಿ ಗುಳ್ಳೆಗಳು ಏಳುವುದು, ನಿರಂತರ ಬಿಳಿ ಹೊಗೆ, ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿರುವುದು ಇದರ ಗುರುತುಗಳು. ಈ ಗುರುತುಗಳು ಕಂಡರೆ ಟ್ರ್ಯಾಕ್ಟರನ್ನು ಓಡಿಸದೆ ಮೆಕ್ಯಾನಿಕ್‌ರನ್ನು ಕರೆಯಿಸಬೇಕು.

ಕಾರು ಮತ್ತು ಸಣ್ಣ ಸರಕು ವಾಹನಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ ಫ್ಯಾನ್ ಇರುವುದರಿಂದ ಅದರ ಫ್ಯೂಸ್ ಮತ್ತು ವೈರನ್ನೂ ನೋಡಬೇಕು. ಎಂಜಿನ್ ನಿಂತಿದ್ದರೂ ಈ ಫ್ಯಾನ್ ತಾನಾಗಿ ತಿರುಗಬಹುದಾದ್ದರಿಂದ ಕೈಯನ್ನು ದೂರವಿಡಬೇಕು.

ಕೂಲೆಂಟ್ ಬಳಕೆ

ತಯಾರಕರು ಸೂಚಿಸಿದ ಕೂಲೆಂಟನ್ನು ಸೂಚಿಸಿದ ಪ್ರಮಾಣದಲ್ಲಿ ಬಳಸಬೇಕು. ಇದು ತುಕ್ಕು ತಡೆಯುವುದಲ್ಲದೆ ಕುದಿಯುವ ಉಷ್ಣಾಂಶವನ್ನೂ ಹೆಚ್ಚಿಸುತ್ತದೆ. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಸೂಕ್ತ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಬಸಿದ ಕೂಲೆಂಟನ್ನು ನೆಲಕ್ಕೆ, ಕಾಲುವೆಗೆ ಚೆಲ್ಲಬಾರದು; ದನಕರು, ನಾಯಿ ಹಾಗೂ ಮಕ್ಕಳಿಗೆ ಸಿಗುವಂತೆ ಇಡಬಾರದು.

ಮುಂಜಾಗ್ರತೆ

• ಪ್ರತಿದಿನ ಕೆಲಸಕ್ಕೆ ಮೊದಲು: ನೀರು ಮತ್ತು ಆಯಿಲ್ ಮಟ್ಟ, ಸೋರಿಕೆ.
• ಒಕ್ಕಣೆ ದಿನಗಳಲ್ಲಿ: ಊಟದ ಬಿಡುವಿನಲ್ಲೊಮ್ಮೆ ಜಾಲರಿಯ ಹೊಟ್ಟು ತೆಗೆಯುವುದು.
• ವಾರಕ್ಕೊಮ್ಮೆ: ಬೆಲ್ಟ್ ಬಿಗಿತ, ಹೋಸ್ ಕ್ಲಿಪ್‌ಗಳು.
• ಹಂಗಾಮಿನ ಆರಂಭದಲ್ಲಿ: ಕೂಲೆಂಟ್, ಮುಚ್ಚಳ, ಥರ್ಮೋಸ್ಟಾಟ್ ಪರಿಶೀಲನೆ.

ವಿಸ್ತರಣಾ ಕಾರ್ಯಕರ್ತರು ಕೆಸರು ಮಾಡುವ ಹಾಗೂ ಒಕ್ಕಣೆಯ ಹಂಗಾಮಿಗೆ ಮುನ್ನ ಗ್ರಾಮಗಳಲ್ಲಿ ಮೊದಲ ಮೂರು ಪರೀಕ್ಷೆಗಳ ಪ್ರಾತ್ಯಕ್ಷಿಕೆ ನಡೆಸುವುದು ಸೂಕ್ತ. ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುವ ಚಾಲಕರನ್ನು ತಪ್ಪದೆ ಇದರಲ್ಲಿ ಸೇರಿಸಿಕೊಳ್ಳಬೇಕು. ಮುಳ್ಳು ಕೆಂಪಿಗೆ ಏರಿದ್ದನ್ನು ಮೊದಲು ಕಾಣುವವರು ಅವರೇ.